ಅಪ್‌ಡೇಟ್ ಕಂಪನಿಯದು, ಖರ್ಚು ನಮ್ಮದೇ?

ಕಂಪನಿಯೇ ಕಳುಹಿಸಿದ ಅಪ್‌ಡೇಟ್ ಹಾಕಿದ ಮೇಲೆ ಫೋನ್ ಕೆಟ್ಟರೆ ಖರ್ಚು ಯಾರದು? ವಾರಂಟಿ ಮುಗಿದಿದೆ, ಹೊಸ ಡಿಸ್‌ಪ್ಲೇಗೆ ಹಣ ಕಟ್ಟಿ ಎನ್ನುತ್ತದೆ ಸರ್ವಿಸ್ ಸೆಂಟರ್. ಇದನ್ನು ನಾನು ಒಪ್ಪುವುದಿಲ್ಲ.

ನನ್ನ ಫೋನಿನ ಪರದೆಯಲ್ಲಿ ಮೇಲಿನಿಂದ ಕೆಳತನಕ ಒಂದು ಹಸಿರು ಗೆರೆ ಎದ್ದಿದೆ. ಅಪ್‌ಡೇಟ್ ಮುಗಿದು ಫೋನ್ ಮತ್ತೆ ಚಾಲೂ ಆದಾಗಲೇ ಅದು ಕಾಣಿಸಿತು. ಫೋನ್ ಕೈಜಾರಿ ಬಿದ್ದಿಲ್ಲ, ನೀರು ತಾಗಿಲ್ಲ. ಅಮೋಲೆಡ್ ಪರದೆಯ ಹಲವು ಬ್ರ್ಯಾಂಡುಗಳಲ್ಲಿ ಇದೇ ದೂರು ಕೇಳಿಬಂದಿದೆ. ಕೆಲವು ಮಾದರಿಗಳಿಗೆ ಕಂಪನಿಗಳು ಡಿಸ್‌ಪ್ಲೇ ಉಚಿತವಾಗಿ ಬದಲಿಸಿಕೊಟ್ಟದ್ದೂ ಉಂಟು. ಹಳೆಯ ಆವೃತ್ತಿಗೆ ಮರಳೋಣವೆಂದರೆ ಹೆಚ್ಚಿನ ಫೋನುಗಳಲ್ಲಿ ಆ ದಾರಿಯನ್ನೇ ಮುಚ್ಚಿರುತ್ತಾರೆ.

ಗಡಿನಾಡಿನವರಿಗೆ ಇನ್ನೊಂದು ಪಾಡು. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ ಎಲ್ಲಕ್ಕೂ ರಾಜ್ಯದ ಗಡಿಯ ತಲಪಾಡಿ ದಾಟುವವರು ನಾವು. ಆದರೆ 671ರಿಂದ ಶುರುವಾಗುವ ಪಿನ್‌ಕೋಡ್ ಹೇಳಿದ್ದೇ ತಡ, ಸಹಾಯವಾಣಿಯವರು ಕಣ್ಣೂರಿಗೆ ಹೋಗಿ ಎಂದರು. ಕನ್ನಡ ಬಲ್ಲವರನ್ನು ಕೇಳಿದರೆ, ಕೇರಳಕ್ಕೆ ಮಲಯಾಳಂ ಮಾತ್ರವಂತೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕನ್ನಡವಿದೆ, ಕಷ್ಟ ಹೇಳಿಕೊಳ್ಳುವಲ್ಲಿ ಇಲ್ಲ.

ಕೊನೆಗೆ ಮಂಗಳೂರಿಗೇ ಹೋದೆವು. ಅಲ್ಲಿನ ಸರ್ವಿಸ್ ಸೆಂಟರಿನವರು ಕನ್ನಡ, ತುಳು ಎರಡರಲ್ಲೂ ಬಹಳ ಆತ್ಮೀಯವಾಗಿ ಮಾತನಾಡಿಸಿದರು. ಅಂಥ ಕಡೆ ನಾವು ಕರಗಿಬಿಡುತ್ತೇವೆ. ಪಾಪ, ಅವರಾದರೂ ಏನು ಮಾಡಿಯಾರು ಎಂದು ಎದ್ದು ಬರುತ್ತೇವೆ. ಜೊತೆಗಿದ್ದ ನನ್ನ ಮಲಯಾಳಿ ನೆರೆಯವರು ಜಗ್ಗಲಿಲ್ಲ. "ಉಚಿತವಾಗಿ ಮಾಡುವುದಿಲ್ಲ ಎಂಬುದನ್ನೇ ಬರೆದುಕೊಡಿ" ಎಂದರು. ದೂರು ಬರೆದುಕೊಳ್ಳುವ ಜಾಬ್ ಶೀಟಿನಲ್ಲಿ 'ಡಿಸ್‌ಪ್ಲೇ ದೋಷ' ಎಂದಷ್ಟೇ ಇತ್ತು. 'ಅಪ್‌ಡೇಟ್ ನಂತರ' ಎಂದು ಸೇರಿಸಿ, ದಿನಾಂಕ ಹಾಕಿ, ಮೊಹರು ಒತ್ತುವ ತನಕ ಕೌಂಟರ್ ಬಿಡಲಿಲ್ಲ. ದನಿ ಒಮ್ಮೆಯೂ ಏರಲಿಲ್ಲ. ಇಲ್ಲಿನ ಮಲಯಾಳಿಗಳಲ್ಲಿ ಈ ಕ್ರಮವನ್ನು ಬ್ಯಾಂಕಿನಲ್ಲೂ ಪಂಚಾಯಿತಿಯಲ್ಲೂ ನೋಡಿದ್ದೇನೆ. ನಮ್ಮವರಿಗೂ ಇದು ಬರಬೇಕು.

ಆ ಕಾಗದಕ್ಕೆ ಬೆಲೆಯಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ, ಫೋನ್ ಎಲ್ಲಿಯೇ ಕೊಂಡಿದ್ದರೂ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಯುರೋಪ್ ಒಕ್ಕೂಟದಲ್ಲಂತೂ 2025ರ ಜೂನ್ 20ರಿಂದ, ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಬಿಡಿಭಾಗ ಒದಗಿಸುವುದು ಕಡ್ಡಾಯ. ಅಲ್ಲಿ ಕಾನೂನಿಗೆ ತಲೆಬಾಗುವ ಕಂಪನಿಗಳು ಇಲ್ಲಿ ನಮ್ಮನ್ನು ಊರೂರು ಅಲೆಸುವುದು ಅನ್ಯಾಯ. ನನ್ನ ದೂರು ಕಾಸರಗೋಡಿನ ಆಯೋಗಕ್ಕೇ ಹೋಗುತ್ತದೆ. ಡಿಸ್‌ಪ್ಲೇಯ ಜೊತೆಗೆ ಓಡಾಟದ ಖರ್ಚನ್ನೂ ಕೇಳುತ್ತೇನೆ.