ಹತ್ತನೇ ಸ್ಥಾನವೇ ವಾಸಿಯಾಗಿತ್ತು

ಮೊದಲೇ ಹೇಳಿಬಿಡುತ್ತೇನೆ. "ಮೂರನೇ ಸ್ಥಾನ ಬಂತು, ಫೈನಲ್ ಆಡಿದರು, ಇನ್ನೇನು ಬೇಕಪ್ಪಾ ನಿನಗೆ?" ಎಂದು ಸಮಾಧಾನ ಮಾಡಲು ಯಾರೂ ಬರಬೇಡಿ. ಏಪ್ರಿಲ್‌ನಿಂದ ಇದೇ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಇದನ್ನು ಬರೆಯುವ ಹೊತ್ತಿಗೆ 2025ರ ಆಗಸ್ಟ್ ಬಂದಿದೆ. ಹೊಟ್ಟೆಯ ಉರಿ ಮಾತ್ರ ಆರಿಲ್ಲ.

ನಾನು ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ಟೀಮಿನ ಹಿಂದೆ ಬಿದ್ದವನು. 2013ರಿಂದ, ಅಂದರೆ ಟೀಮು ಹುಟ್ಟಿದ ವರ್ಷದಿಂದ. ಆಗಿನ್ನೂ ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡುತ್ತಿದ್ದರು. ಮೊದಲ ವರ್ಷವೇ ಆಗ ದೇಶದ ದೊಡ್ಡ ಲೀಗಾಗಿದ್ದ ಐ-ಲೀಗ್ ಗೆದ್ದುಬಿಟ್ಟರು. ಅದೇ ನೋಡಿ ಎಡವಟ್ಟಾಗಿದ್ದು. ಹುಟ್ಟಿದ ವರ್ಷವೇ ಗೆದ್ದ ಟೀಮಿನ ಮೇಲೆ ಯಾರಿಗಾದರೂ ಆಸೆ ಬೆಳೆಯದೇ ಇರುತ್ತದೆಯೇ? ಆ ಆಸೆಗೆ ಹನ್ನೆರಡು ವರ್ಷದಿಂದ ಬಡ್ಡಿ ಕಟ್ಟುತ್ತಿದ್ದೇನೆ.

ಏಪ್ರಿಲ್ 12ರ ರಾತ್ರಿಗೆ ಬರುತ್ತೇನೆ. ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗಿನ ಫೈನಲ್. ಎದುರಿಗೆ ಅದೇ ಊರಿನ ಟೀಮು ಮೋಹನ್ ಬಗಾನ್. ನಾನು ಮನೆಯಲ್ಲಿ. ಟಿವಿ ಮುಂದೆ ಅಲ್ಲ, ಅಡುಗೆಮನೆಯ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಮೊಬೈಲ್ ಹಿಡಿದು ಕೂತಿದ್ದೆ. ಯಾಕೆಂದರೆ ಹಾಲ್‌ನಲ್ಲಿ ಭಾವ ಐಪಿಎಲ್ ಹಾಕಿದ್ದರು. ಹೈದರಾಬಾದ್ ಮತ್ತು ಪಂಜಾಬ್ ಮ್ಯಾಚು. ಎರಡೂ ನಮ್ಮೂರ ಟೀಮಲ್ಲ! ನಮ್ಮೂರ ಟೀಮು ದೇಶದ ಫೈನಲ್ ಆಡುತ್ತಿದೆ, ಅದಕ್ಕೆ ಸಿಕ್ಕಿದ್ದು ಆರಿಂಚಿನ ಪರದೆ. "ಫುಟ್‌ಬಾಲ್ ತಾನೆ, ಮೊಬೈಲಲ್ಲೇ ನೋಡ್ಕೋ" ಎಂದರು. ನಾನು ಜಗಳವಾಡಲಿಲ್ಲ. ಫೈನಲ್ ದಿನ ಜಗಳವಾಡಿದರೆ ಅಪಶಕುನ ಅಂತ ಸುಮ್ಮನಾದೆ. ನನ್ನ ಬುದ್ಧಿಗೆ ಇಷ್ಟು.

49ನೇ ನಿಮಿಷದಲ್ಲಿ ನಮ್ಮ ರಯಾನ್ ವಿಲಿಯಮ್ಸ್ ಗೋಲಿನ ಮುಂದಕ್ಕೆ ಬಾಲ್ ಹಾಕಿದ. ಬಗಾನಿನ ಡಿಫೆಂಡರ್ ಆಲ್ಬರ್ಟೊ ರೊಡ್ರಿಗಸ್ ಕಾಲಿಗೆ ತಾಗಿ ಅವರದೇ ಗೋಲಿಗೆ ಹೋಯಿತು. 1-0. ಸ್ಟೂಲು ಬಿತ್ತು, ನೀರಿನ ಚೊಂಬು ಬಿತ್ತು, ಅಕ್ಕ ಬೈದಳು. ಅಷ್ಟು ದೊಡ್ಡ ಸ್ಟೇಡಿಯಂ ಒಂದು ಕ್ಷಣ ತಣ್ಣಗಾಗಿದ್ದು ಮೊಬೈಲಲ್ಲೂ ಗೊತ್ತಾಯಿತು. ಆಗ ನನಗೆ ಸಂತೋಷವಾಗಬೇಕಿತ್ತು, ಅಲ್ವಾ? ಆಗಲಿಲ್ಲ. ಹೊಟ್ಟೆಯೊಳಗೆ ಕಸಿವಿಸಿ ಶುರುವಾಯಿತು. ಮೋಹನ್ ಬಗಾನ್ ಎದುರು ನಾವು ಮುಂದಿದ್ದೇವೆ ಎಂದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿದೆ.

72ನೇ ನಿಮಿಷ. ಬಾಕ್ಸಿನೊಳಗೆ ನಮ್ಮ ಚಿಂಗ್ಲೆನ್‌ಸಾನಾ ಕೈಗೆ ಚೆಂಡು ತಾಗಿತು. ಪೆನಾಲ್ಟಿ. ಕಮಿಂಗ್ಸ್ ಹೊಡೆದ, ಗೋಲು. ಅದು ಪೆನಾಲ್ಟಿಯೋ ಅಲ್ಲವೋ ಎಂದು ನಾನು ವಾದ ಮಾಡುವುದಿಲ್ಲ. ಕೈಗೆ ತಾಗಿದೆ, ಮುಗೀತು. 90 ನಿಮಿಷ ಮುಗಿದಾಗ 1-1. ಹೆಚ್ಚುವರಿ ಸಮಯ ಶುರುವಾಗಿ ಆರೇ ನಿಮಿಷಕ್ಕೆ ಮೆಕ್ಲಾರೆನ್ ಇನ್ನೊಂದು ಹಾಕಿದ. ಅದೇ ಹೊತ್ತಿಗೆ ಹಾಲ್‌ನಿಂದ "ಹೋಯ್ತೂ!" ಎಂದು ಭಾವನ ಕೂಗು. ಅಭಿಷೇಕ್ ಶರ್ಮಾ ಸಿಕ್ಸರ್ ಹೊಡೆದಿದ್ದ. ಅವತ್ತು ಅವನು 141 ಹೊಡೆದ. ನನ್ನ ಎದೆ ಒಡೆದ ರಾತ್ರಿಗೆ ಹಿನ್ನೆಲೆ ಸಂಗೀತ ಅದು.

ಈಗ ನನ್ನ ಸಿಟ್ಟು ನಿಮಗೆ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

2015ರ ಮೇ 31. ನಮ್ಮ ಮನೆ ಮೈದಾನ, ಬೆಂಗಳೂರಿನ ಕಂಠೀರವ ಸ್ಟೇಡಿಯಂ. ಐ-ಲೀಗಿನ ಕೊನೆಯ ಪಂದ್ಯ, ಎದುರಿಗೆ ಇದೇ ಮೋಹನ್ ಬಗಾನ್. ಗೆದ್ದರೆ ಪ್ರಶಸ್ತಿ ನಮಗೆ, ಡ್ರಾ ಆದರೆ ಅವರಿಗೆ. ಜಾನ್ ಜಾನ್ಸನ್ ಗೋಲು ಹಾಕಿ 1-0 ಮುಂದಿದ್ದೆವು. ಮಳೆ. ನೆನೆದುಕೊಂಡೇ ಹಾಡುತ್ತಿದ್ದೆವು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ಹೆಡ್ ಮಾಡಿದ. 1-1. ಕಪ್ಪು ಕೋಲ್ಕತ್ತಕ್ಕೆ ಹೋಯಿತು. ಅವತ್ತು ಒದ್ದೆ ಬಟ್ಟೆಯಲ್ಲಿ ಕಸ್ತೂರ್ಬಾ ರಸ್ತೆಯಲ್ಲಿ ಆಟೋ ಹುಡುಕುತ್ತಾ ನಿಂತಿದ್ದು ಇನ್ನೂ ನೆನಪಿದೆ. ಒಬ್ಬ ಆಟೋದವನು "ಮ್ಯಾಚ್ ಗೆದ್ರಾ ಸಾರ್?" ಎಂದು ಕೇಳಿದ. ಸೋತಿದ್ದೂ ಅಲ್ಲ. ಏನಂತ ಹೇಳಲಿ?

2023ರ ಮಾರ್ಚ್ 18. ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್. ಮತ್ತೆ ಅವರೇ, ಆಗ ಹೆಸರು ಎಟಿಕೆ ಮೋಹನ್ ಬಗಾನ್. 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಹೆಡ್ ಮಾಡಿ 2-1 ಮುಂದೆ. 85ನೇ ನಿಮಿಷದಲ್ಲಿ ಪೆನಾಲ್ಟಿ, ಪೆಟ್ರಾಟೋಸ್ ಗೋಲು, 2-2. ಆಮೇಲೆ ಶೂಟೌಟಿನಲ್ಲಿ ಸೋತೆವು.

2025 ಆಯಿತಲ್ಲ, ಈಗ ತಾನೇ ಹೇಳಿದೆ.

ಮೂರು ಸಲ. ಮೂರೂ ಸಲ ಅದೇ ಎದುರಾಳಿ. ಮೂರೂ ಸಲ ನಾವೇ ಮುಂದಿದ್ದೆವು. ಮೊದಲಿನಿಂದಲೇ ಹೊಡೆಸಿಕೊಂಡು 4-0 ಸೋತಿದ್ದರೆ ನಾನು ಹಾಲ್‌ಗೆ ಹೋಗಿ ಭಾವನ ಜೊತೆ ಅಭಿಷೇಕ್ ಶರ್ಮಾನನ್ನಾದರೂ ನೋಡುತ್ತಿದ್ದೆ. ಇವರು ಹಾಗೆ ಮಾಡುವುದಿಲ್ಲ. ತುತ್ತು ಕಲಸುತ್ತಾರೆ, ತುಪ್ಪ ಹಾಕುತ್ತಾರೆ, ಬಾಯಿಯ ಹತ್ತಿರ ತರುತ್ತಾರೆ. ನಾವು ಬಾಯಿ ತೆರೆದು ಕೂತಾಗ ಪಕ್ಕದವನಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಕೆಲವರು "2019ರಲ್ಲಿ ಗೆದ್ದಿದ್ದೀವಲ್ಲ" ಅನ್ನುತ್ತಾರೆ. ಹೌದು, ಗೆದ್ದಿದ್ದೇವೆ. ಗೋವಾ ವಿರುದ್ಧ, ಅದೂ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೆಡ್ ಮಾಡಿ. ಆ ದಿನದ ಖುಷಿಯನ್ನೇ ಆರು ವರ್ಷದಿಂದ ಉಪ್ಪಿನಕಾಯಿಯ ಹಾಗೆ ನೆಕ್ಕುತ್ತಿದ್ದೇವೆ. ನಾಲ್ಕು ಐಎಸ್‌ಎಲ್ ಫೈನಲ್, ಒಂದು ಕಪ್ಪು. 2018ರದ್ದಂತೂ ನಮ್ಮದೇ ಕಂಠೀರವದಲ್ಲಿ. ಒಂಬತ್ತನೇ ನಿಮಿಷಕ್ಕೇ ನಮ್ಮ ಸುನಿಲ್ ಛೆಟ್ರಿ ಗೋಲು ಹಾಕಿದ್ದ. ಚೆನ್ನೈ ಟೀಮು ಚೆನ್ನೈಯಿನ್ 3-2ರಿಂದ ಗೆದ್ದು ನಮ್ಮ ಮನೆಯ ಅಂಗಳದಲ್ಲೇ ಕುಣಿದರು.

ಇದಕ್ಕಿಂತ ಹೊಟ್ಟೆ ಉರಿಸುವ ಇನ್ನೊಂದು ವಿಷಯ ಇದೆ. ಇದನ್ನು ಯಾರೂ ಮಾತಾಡುವುದಿಲ್ಲ. ಆ 2017-18ರ ಲೀಗಿನಲ್ಲಿ ನಾವು 40 ಅಂಕ ಪಡೆದು ಮೊದಲಿದ್ದೆವು. ಕಪ್ಪು ಗೆದ್ದ ಚೆನ್ನೈಯಿನ್‌ಗಿಂತ ಎಂಟು ಅಂಕ ಜಾಸ್ತಿ. ಮುಂದಿನ ವರ್ಷವೂ ಪಟ್ಟಿಯಲ್ಲಿ ನಾವೇ ಮೊದಲು. ಆಗ ಲೀಗಿನಲ್ಲಿ ಮೊದಲು ಬಂದವರಿಗೆ ಶೀಲ್ಡೇ ಇರಲಿಲ್ಲ. ಅದು ಶುರುವಾಗಿದ್ದು 2019-20ರಿಂದ. ನಾವು ಎರಡು ವರ್ಷ ಮೊದಲು ಬಂದು ಮುಗಿಸಿದ ಮೇಲೆ ಅವರಿಗೆ "ಹೌದಲ್ಲ, ಮೊದಲು ಬಂದವರಿಗೆ ಏನಾದರೂ ಕೊಡಬೇಕು" ಎಂದು ಹೊಳೆಯಿತು. ಕೊಡಲು ಶುರು ಮಾಡಿದ ಮೇಲೆ ನಾವು ಒಮ್ಮೆಯೂ ಮೊದಲು ಬರಲಿಲ್ಲ. ಇದನ್ನು ಹಣೆಬರಹ ಅನ್ನದೆ ಇನ್ನೇನನ್ನಲಿ?

ಸರಿ, 2024-25ರ ಕಥೆಗೆ ವಾಪಸ್ ಬರೋಣ. ಶುರು ಹೇಗಿತ್ತು ಗೊತ್ತಾ? ಮೊದಲ ಪಂದ್ಯದಲ್ಲೇ ನಮ್ಮೂರ ಹುಡುಗ ವಿನೀತ್ ವೆಂಕಟೇಶ್ ಗೋಲು ಹಾಕಿ ಈಸ್ಟ್ ಬೆಂಗಾಲ್ ವಿರುದ್ಧ 1-0 ಗೆಲುವು. ಸೆಪ್ಟೆಂಬರ್‌ನಲ್ಲಿ ಇದೇ ಮೋಹನ್ ಬಗಾನನ್ನು ಕಂಠೀರವದಲ್ಲಿ 3-0 ಹೊಡೆದರು. ಮೂರು ಸೊನ್ನೆ! ಆಮೇಲೆ ಕೊಚ್ಚಿಗೆ ಹೋಗಿ ಕೇರಳವನ್ನು 3-1. ಡಿಸೆಂಬರ್ 7ಕ್ಕೆ ಕೇರಳ ಇಲ್ಲಿಗೆ ಬಂದಾಗ 4-2. ಅವತ್ತು ನಾನು ಸ್ಟೇಡಿಯಂನ ವೆಸ್ಟ್ ಬ್ಲಾಕ್ ಸ್ಟ್ಯಾಂಡಿನಲ್ಲಿದ್ದೆ. ಛೆಟ್ರಿ ಹ್ಯಾಟ್ರಿಕ್. ನಲವತ್ತು ವರ್ಷದ ಮನುಷ್ಯ! ನನಗಿಂತ ದೊಡ್ಡವನು. ನಾನು ಮೆಟ್ಟಿಲು ಹತ್ತಿ ನನ್ನ ಸಾಲಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತೇನೆ.

ಆಮೇಲೆ ಜನವರಿ ಬಂತು. ಇಡೀ ತಿಂಗಳು ಒಂದು ಪಂದ್ಯವೂ ಗೆಲ್ಲಲಿಲ್ಲ. ಕೊನೆಯ ಸ್ಥಾನದಲ್ಲಿ ಲೀಗ್ ಮುಗಿಸಿದ ಮೊಹಮ್ಮಡನ್ ನಮ್ಮ ಮನೆಗೆ ಬಂದು 1-0 ಗೆದ್ದು ಹೋಯಿತು. ಅದೂ 88ನೇ ನಿಮಿಷದ ಫ್ರೀ ಕಿಕ್. ಒಡಿಶಾ ವಿರುದ್ಧ 2-0 ಮುಂದಿದ್ದು 3-2 ಸೋತರು. ಆ ರಾತ್ರಿ ಮೆಟ್ರೋದಲ್ಲಿ ನೀಲಿ ಜರ್ಸಿ ಹಾಕಿದ ಏಳೆಂಟು ಜನ ಇದ್ದೆವು. ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಸಾವಿನ ಮನೆಯಿಂದ ವಾಪಸ್ ಬರುವವರ ಹಾಗೆ ಕಂಬಿ ಹಿಡಿದು ನಿಂತಿದ್ದೆವು.

ಅಲ್ಲಿಗೇ ಬಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! "ಈ ವರ್ಷ ಇಷ್ಟೇ" ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಾಗಿತ್ತು. ಬಿಡಲಿಲ್ಲ. 38 ಅಂಕ ಮಾಡಿ ಮೂರನೇ ಸ್ಥಾನ. ನಾಕೌಟಿನಲ್ಲಿ ಮುಂಬೈಯನ್ನು 5-0. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಗೋವಾವನ್ನು ಇಲ್ಲಿ 2-0. ಅಲ್ಲಿಗೆ ಹೋದಾಗ ಗೋವಾ ಎರಡು ಗೋಲು ವಾಪಸ್ ಹಾಕಿ ಸಮ ಮಾಡಿದರು, ಎರಡನೆಯದು 88ನೇ ನಿಮಿಷದಲ್ಲಿ. ನಾನು ಮೊಬೈಲ್ ಮಗುಚಿ ಇಟ್ಟೆ. 92ನೇ ನಿಮಿಷದಲ್ಲಿ ಛೆಟ್ರಿ ಹೆಡ್ ಮಾಡಿ ನಮ್ಮನ್ನು ಫೈನಲಿಗೆ ಒಯ್ದ. ಆ ಗೋಲನ್ನು ನಾನು ಲೈವ್ ನೋಡಲಿಲ್ಲ. ಗೆಳೆಯ ಫೋನ್ ಮಾಡಿ ಕಿರುಚಿದ ಮೇಲೆ ಗೊತ್ತಾಯಿತು. ಹನ್ನೆರಡು ವರ್ಷ ನೋಡಿದವನು, ನೋಡಲೇಬೇಕಾದ ನಾಲ್ಕು ನಿಮಿಷ ಮೊಬೈಲ್ ಮಗುಚಿಟ್ಟೆ. ಇದಕ್ಕೆ ಯಾರನ್ನು ಬೈಯಲಿ?

ಅದಕ್ಕೇ ಹೇಳುತ್ತಿದ್ದೇನೆ, ಅದರ ಹಿಂದಿನ ವರ್ಷವೇ ವಾಸಿಯಾಗಿತ್ತು. 2023-24. ಹನ್ನೆರಡು ಟೀಮಿನಲ್ಲಿ ಹತ್ತನೇ ಸ್ಥಾನ. 22 ಪಂದ್ಯ, 22 ಅಂಕ. ಡಿಸೆಂಬರ್‌ನಲ್ಲೇ ಕೋಚ್ ಗ್ರೇಸನ್ ಹೋದರು, ಜರಗೋಜಾ ಬಂದರು. ಫೆಬ್ರವರಿಯ ಹೊತ್ತಿಗೆ ನನಗೆ ಯಾವ ಆಸೆಯೂ ಉಳಿದಿರಲಿಲ್ಲ. ಆಹಾ, ಎಂಥ ನೆಮ್ಮದಿ! ಸ್ಟೇಡಿಯಂಗೆ ಹೋಗುತ್ತಿದ್ದೆ, ಕಡಲೆಕಾಯಿ ತಿನ್ನುತ್ತಿದ್ದೆ, ಹಾಡುತ್ತಿದ್ದೆ, ಸೋತರೆ ದಾರಿಯಲ್ಲಿ ಮಸಾಲೆ ದೋಸೆ ತಿಂದು ಮನೆಗೆ ಬಂದು ಮಲಗುತ್ತಿದ್ದೆ. ನಿದ್ದೆ ಬರುತ್ತಿತ್ತು. ಏಪ್ರಿಲ್ 12ರ ರಾತ್ರಿ ಮೂರು ಗಂಟೆಯವರೆಗೆ ಚಾವಣಿ ನೋಡುತ್ತಾ ಬಿದ್ದಿದ್ದೆ. ಆ ಕೈ ಸ್ವಲ್ಪ ಹಿಂದಿದ್ದಿದ್ದರೆ, ಆ ಕೈ ಒಂದು ಗೇಣು ಹಿಂದಿದ್ದಿದ್ದರೆ ಎಂದು ಜಪ ಮಾಡುತ್ತಿದ್ದೆ.

ಜೂನ್ 3ಕ್ಕೆ ಆರ್‌ಸಿಬಿ ಗೆದ್ದಿತು. ಹದಿನೆಂಟು ವರ್ಷ ಕಾದವರಿಗೆ ಕೊನೆಗೂ ಕಪ್ಪು ಸಿಕ್ಕಿತು. ಭಾವ ಕಣ್ಣೀರು ಹಾಕಿದರು, ನಾನೂ ಕುಣಿದೆ. ಮಾರನೇ ದಿನ ಚಿನ್ನಸ್ವಾಮಿ ಹೊರಗೆ ನಡೆದದ್ದನ್ನು ಕೇಳಿದ ಮೇಲೆ ಕಪ್ಪಿನ ಮಾತು ಎತ್ತಲು ಯಾರಿಗೂ ಮನಸ್ಸಾಗಲಿಲ್ಲ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ನನ್ನದು ಚಿಕ್ಕ ಅಳಲು. ಇಷ್ಟೆಲ್ಲ ಆದ ಮೇಲೆ ನಮ್ಮಂಥವರಿಗೆ ಇರುವುದು ಒಂದೇ ಔಷಧಿ. ಮುಂದಿನ ಸೀಸನ್. ಹೊಸ ಜರ್ಸಿ, ಹೊಸ ಪಟ್ಟಿ, ಎಲ್ಲರಿಗೂ ಸೊನ್ನೆ ಅಂಕ. ಅದನ್ನೂ ಕಿತ್ತುಕೊಂಡರು. ಜುಲೈ 11ಕ್ಕೆ ಸುದ್ದಿ ಬಂತು, 2025-26ರ ಐಎಸ್‌ಎಲ್ ಸದ್ಯಕ್ಕಿಲ್ಲ. ಫೆಡರೇಷನ್ ಮತ್ತು ಲೀಗ್ ನಡೆಸುವವರ ನಡುವಿನ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುತ್ತದಂತೆ, ಮುಂದೇನು ಅಂತ ತೀರ್ಮಾನ ಆಗಿಲ್ಲವಂತೆ. ಡಿಸೆಂಬರ್‌ನಲ್ಲಿ ಮುಗಿಯುತ್ತದೆ ಎಂದು ಬರೆದಿದ್ದು ಹದಿನೈದು ವರ್ಷದ ಹಿಂದೆ ತಾನೆ? ಬಾಡಿಗೆ ಮನೆಯವರೂ ಮೂರು ತಿಂಗಳ ಮುಂಚೆ ಅಗ್ರಿಮೆಂಟ್ ತೆಗೆದು ನೋಡುತ್ತಾರೆ.

ಆಗಸ್ಟ್ ಶುರುವಿನಲ್ಲಿ ಇನ್ನೊಂದು ಸುದ್ದಿ. ಮುಂದೇನು ಎಂಬುದು ಗೊತ್ತಾಗುವವರೆಗೆ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುತ್ತಿದ್ದೇವೆ ಎಂದು ನಮ್ಮ ಕ್ಲಬ್ಬೇ ಹೇಳಿಕೆ ಕೊಟ್ಟಿತು. ಅದನ್ನು ಓದಿದಾಗ ನನ್ನ ಸಿಟ್ಟೆಲ್ಲ ಒಮ್ಮೆಗೆ ದಿಕ್ಕು ತಪ್ಪಿತು. ಚಿಂಗ್ಲೆನ್‌ಸಾನಾ ಕೈಯನ್ನು ನಾಲ್ಕು ತಿಂಗಳು ಬೈದಿದ್ದೆ. ಈಗ ಬೈಯಲು ನಾಲಿಗೆ ಏಳುತ್ತಿಲ್ಲ. ಕಳೆದ ಸೀಸನ್‌ನಲ್ಲಿ 14 ಗೋಲು ಹಾಕಿದ ಛೆಟ್ರಿಗೆ ಮುಂದಿನ ಗೋಲು ಹಾಕಲು ಮೈದಾನವೇ ಇಲ್ಲ. ನಲವತ್ತೊಂದು ತುಂಬಿದ ಆಟಗಾರನಿಗೆ "ಸ್ವಲ್ಪ ತಡಿ, ನೋಡೋಣ" ಎಂದು ಹೇಳಿದರೆ ಅದು ಹೇಗಿರುತ್ತದೆ?

ಜುಲೈಯಲ್ಲಿ ಕಂಠೀರವದಲ್ಲಿ ನೀರಜ್ ಚೋಪ್ರಾ ಹೆಸರಿನ ಜಾವೆಲಿನ್ ಕೂಟ ನಡೆಯಿತು. ನೀರಜನೇ ಗೆದ್ದ. ನಾನು ಟಿವಿಯಲ್ಲಿ ನೋಡಿದೆ. ಎಲ್ಲರೂ ಜಾವೆಲಿನ್ ನೋಡುತ್ತಿದ್ದರು, ನಾನು ಹುಲ್ಲು ನೋಡುತ್ತಿದ್ದೆ. ನಮ್ಮ ಬಾಕ್ಸಿನ ಹತ್ತಿರ ಎಲ್ಲೋ ಒಂದು ಜಾವೆಲಿನ್ ಬಂದು ನೆಟ್ಟುಕೊಂಡಿತು. ಛೇ, ಅಲ್ಲಿಂದಲೇ ಛೆಟ್ರಿ ಹೊಡೆಯುವುದು ಅಂದುಕೊಂಡೆ.

ಮೊನ್ನೆ ಭಾನುವಾರ ಭಾವ ಕಾಫಿ ಕುಡಿಯುತ್ತಾ ಕೂತಿದ್ದರು. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಆ ಮನುಷ್ಯ ಫುಟ್‌ಬಾಲ್ ಸುದ್ದಿ ಎತ್ತಿದವರಲ್ಲ. ಲೋಟ ಕೆಳಗಿಟ್ಟು ಕೇಳಿದರು: "ಅಲ್ಲ ಕಣೋ, ಆ ನಿಮ್ಮ ಛೆಟ್ರಿ ಇನ್ನೂ ಆಡ್ತಾನಾ? ಈ ಸಲ ನನ್ನನ್ನೂ ಒಂದು ಮ್ಯಾಚಿಗೆ ಕರ್ಕೊಂಡು ಹೋಗು. ಯಾವಾಗ ಶುರು?"