ಹನ್ನೊಂದನೇ ಮಹಡಿಯಲ್ಲೊಬ್ಬ ಕುರಿಗಾಹಿ

ನಮ್ಮ ಭಾವ ಬಾರ್ಡರ್ ಕೋಲಿ ನಾಯಿ ತಂದಿದ್ದಾರೆ. ಬೆಂಗಳೂರಿನ ಥಣಿಸಂದ್ರದ ಕಡೆ, ಹನ್ನೊಂದನೇ ಮಹಡಿಯಲ್ಲಿರುವ ಎರಡು ಬೆಡ್‌ರೂಮಿನ ಫ್ಲಾಟಿಗೆ. ಬಾಲ್ಕನಿ ಇದೆ, ಆದರೆ ಅಲ್ಲಿ ವಾಷಿಂಗ್ ಮಷೀನು, ಒಣಹಾಕಿದ ಬಟ್ಟೆ ಮತ್ತು ಅಕ್ಕನ ಎಂಟು ತುಳಸಿ ಕುಂಡ ಇರುವುದರಿಂದ ಬಾಲ್ಕನಿ ಇಲ್ಲ ಅಂತಲೇ ಲೆಕ್ಕ.

ಯಾಕೆ ಈ ತಳಿ ಭಾವ ಅಂತ ಕೇಳಿದೆ. "ಪ್ರಪಂಚದಲ್ಲೇ ನಂಬರ್ ಒನ್ ಬುದ್ಧಿವಂತ ನಾಯಿ ಕಣಯ್ಯಾ" ಅಂದರು. ಮಗನಿಗೆ ಸ್ಕೂಲ್ ಹುಡುಕುವಾಗಲೂ ಹೀಗೇ ರ‍್ಯಾಂಕ್ ಪಟ್ಟಿ ಇಟ್ಟುಕೊಂಡು ಕೂತಿದ್ದರು. ಮಾತು ಸುಳ್ಳೇನಲ್ಲ. ಅಮೆರಿಕದಲ್ಲಿ ಚೇಸರ್ ಅನ್ನೋ ಬಾರ್ಡರ್ ಕೋಲಿಯೊಂದು 1,022 ಆಟದ ಸಾಮಾನುಗಳ ಹೆಸರು ಕಲಿತಿತ್ತು. ಭಾವನಿಗೆ ಆರು ವರ್ಷವಾದರೂ ಎದುರು ಮನೆಯವರ ಹೆಸರು ಗೊತ್ತಿಲ್ಲ.

ಆದರೆ ಆ ಬುದ್ಧಿ ಅದಕ್ಕೆ ಸುಮ್ನೆ ಬಂದದ್ದಲ್ಲ ನೋಡಿ. ಇಂಗ್ಲೆಂಡು ಮತ್ತು ಸ್ಕಾಟ್ಲೆಂಡಿನ ಗಡಿಯ ಗುಡ್ಡಗಳಲ್ಲಿ ಕುರಿ ಹೊಡೆಯೋಕೆ ಅಂತ ಬೆಳೆಸಿದ ತಳಿ ಇದು. ಹೆಸರಿನಲ್ಲಿರುವ ಬಾರ್ಡರ್ ಅಂದರೆ ಆ ಗಡಿಯೇ. 1893ರಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಅನ್ನೋ ಗಂಡುನಾಯಿಯನ್ನು ಈ ವಂಶದ ಮೂಲಪುರುಷ ಅನ್ನುತ್ತಾರೆ. ಅದರ ಹೆಚ್ಚುಗಾರಿಕೆ ಏನು ಅಂದರೆ, ಹೆಚ್ಚು ಗಲಾಟೆ ಮಾಡದೆ, ಮೈ ಬಗ್ಗಿಸಿಕೊಂಡು ದಿಟ್ಟಿಸಿ ನೋಡಿಯೇ ಕುರಿಗಳನ್ನು ದಾರಿಗೆ ತರುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ಜನ ಅದೇ ಗುಣವನ್ನು ಆರಿಸಿ ಆರಿಸಿ ತಳಿ ಮಾಡಿದ್ದಾರೆ: ದಿನವಿಡೀ ಗುಡ್ಡ ಹತ್ತಿ ಇಳಿದರೂ ದಣಿಯದ ಕಾಲು, ಏನಾದರೂ ಅಲುಗಾಡಿತೋ ಅಲ್ಲಿಂದ ಕೀಳದ ಕಣ್ಣು, ಚದುರಿದ್ದನ್ನು ಒಂದು ಕಡೆ ಸೇರಿಸದಿದ್ದರೆ ನಿದ್ದೆ ಬಾರದ ತಲೆ. ಇಷ್ಟೆಲ್ಲ ಇರುವ ಪ್ರಾಣಿಯನ್ನು ತಂದು, ಥಣಿಸಂದ್ರದ ಸೋಫಾದ ಪಕ್ಕ ನಿಲ್ಲಿಸಿ, ನಮ್ಮ ಭಾವ ಹೇಳಿದ ಮೊದಲ ಮಾತು "ಸಿಟ್".

ನಾಯಿಗೆ ಆಸ್ಕರ್ ಅಂತ ಹೆಸರಿಟ್ಟರು. ಭಾವನ ಅಮ್ಮನಿಗೆ, ಅಂದರೆ ಮನೆಯ ಅಜ್ಜಿಗೆ, ಅದು ನಾಲಿಗೆಗೆ ಬರಲಿಲ್ಲ, ಭಾಸ್ಕರ ಅಂದರು. ಈಗ ಅದು ಭಾಸ್ಕರ ಅಂದರೆ ಮಾತ್ರ ಬರುತ್ತದೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿಯ ಹೆಸರೂ ಅದೇ ಆಗಿರುವುದು ಯಾರ ತಪ್ಪೂ ಅಲ್ಲ. ಮೆಂಟೆನೆನ್ಸ್ ಬಾಕಿ ಕೇಳೋಕೆ ಬಂದು ಕಾಫಿ ಕುಡಿಯುತ್ತಾ ಕೂತಿದ್ದ ಅವರು, ಒಳಗಿನಿಂದ "ಭಾಸ್ಕರಾ, ಇಳಿಯೋ ಸೋಫಾದಿಂದ, ಕೂದಲೆಲ್ಲ ಉದುರಿಸ್ತೀಯ" ಅಂತ ಕೇಳಿದಾಗ ಗಡಬಡಿಸಿ ಎದ್ದು ನಿಂತದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಮೊದಲ ವಾರ ನಾಯಿ ಕೆಲಸ ಹುಡುಕಿತು. ನೆಲ ಗುಡಿಸೋಕೆ ಅಂತ ಒಂದು ದುಂಡಗಿನ ರೋಬೋಟ್ ಇದೆಯಲ್ಲ, ಅದನ್ನು ಮಂಚದ ಕೆಳಗೆ ಅಟ್ಟಿ, ಬ್ಯಾಟರಿ ಸಾಯುವವರೆಗೂ ಕಾವಲು ಕೂತಿತು. ಎರಡನೇ ವಾರ ಫ್ಯಾನಿನ ನೆರಳು ಹಿಡಿಯೋಕೆ ಶುರುಮಾಡಿತು. ಫ್ಯಾನ್ ನಿಲ್ಲಿಸಿದರೆ ಭಾವನಿಗೆ ಸೆಕೆ, ಹಾಕಿದರೆ ನಾಯಿಗೆ ಡ್ಯೂಟಿ. ಮೂರನೇ ವಾರ ಟ್ರೇನರ್ ಬಂದರು. ಗಂಟೆಯ ಲೆಕ್ಕದಲ್ಲಿ ದುಡ್ಡು ತಗೊಂಡು, "ಇದಕ್ಕೆ ಮೆಂಟಲ್ ಸ್ಟಿಮ್ಯುಲೇಷನ್ ಕಡಿಮೆ ಆಗಿದೆ, ಊಟ ನೇರವಾಗಿ ಹಾಕಬೇಡಿ, ಬಚ್ಚಿಟ್ಟು ಹುಡುಕಿಸಿ" ಅಂತ ಹೇಳಿ ಹೋದರು. ಅದಕ್ಕೆಂದೇ ಒಂದು ಚಾಪೆಯೂ ಸಿಗುತ್ತದೆ, ಬಟ್ಟೆ ಚೂರುಗಳ ನಡುವೆ ಕಾಳು ಅಡಗಿಸಿಡಬೇಕು, ನಾಯಿ ಮೂಸಿ ಮೂಸಿ ತಿನ್ನಬೇಕು. ಅಜ್ಜಿ ಒಂದು ದಿನ ನೋಡಿದರು, ಎರಡು ದಿನ ನೋಡಿದರು. "ಮನೆಗೆ ಬಂದವರಿಗೆ ಎಲೆ ಹಾಕಿ ಬಡಿಸ್ತೀವಿ, ಈ ಬಡಪಾಯಿಗೆ ಮಾತ್ರ ಅನ್ನ ಬಚ್ಚಿಡ್ತೀರಲ್ಲೋ, ಏನು ಪಾಪ ಮಾಡಿತ್ತೋ" ಅಂತ ಚಾಪೆ ಎತ್ತಿ ಬಿಸಾಕಿದರು.

ಸತ್ಯನಾರಾಯಣ ಪೂಜೆಯ ವಿಷಯಕ್ಕೆ ಬರುತ್ತೇನೆ.

ನೆಂಟರು ಇಪ್ಪತ್ತಮೂರು ಜನ. ನಾಯಿಯನ್ನು ರೂಮಿನಲ್ಲಿ ಕೂಡಿಹಾಕಿದ್ದರು, ಆದರೆ ಬಾಗಿಲ ಹಿಡಿ ಒತ್ತಿದರೆ ಬಾಗಿಲು ತೆರೆಯುತ್ತದೆ ಅನ್ನೋದನ್ನು ಅದು ಕಲಿತು ತಿಂಗಳಾಗಿತ್ತು. ಹೊರಗೆ ಬಂದು ನೋಡಿದರೆ ಏನಿದೆ? ಒಬ್ಬರು ಅಡುಗೆಮನೆ ಬಾಗಿಲಲ್ಲಿ, ಇಬ್ಬರು ಬಾಲ್ಕನಿಯಲ್ಲಿ ಫೋನಿನಲ್ಲಿ, ನಾಲ್ಕು ಮಕ್ಕಳು ಕಾರಿಡಾರಿನಲ್ಲಿ, ನಮ್ಮ ದೊಡ್ಡಪ್ಪ ಟಿವಿ ಮುಂದೆ. ಇಷ್ಟು ಚದುರಿಹೋದ ಮಂದೆಯನ್ನು ಅದರ ವಂಶದಲ್ಲಿ ಯಾರೂ ಸಹಿಸಿದವರಲ್ಲ. ಬೊಗಳಲಿಲ್ಲ, ಕಚ್ಚಲಿಲ್ಲ. ಬಗ್ಗಿಕೊಂಡು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು, ಒಬ್ಬೊಬ್ಬರನ್ನೇ ದಿಟ್ಟಿಸಿತು. ಎರಡನೇ ಅಧ್ಯಾಯ ಮುಗಿಯುವ ಹೊತ್ತಿಗೆ ಇಪ್ಪತ್ತಮೂರೂ ಜನ ಪೂಜೆಯ ಮಂಟಪದ ಮುಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದರು. ದೊಡ್ಡಪ್ಪ ಒಮ್ಮೆ ಬಾತ್‌ರೂಮಿಗೆ ಅಂತ ಎದ್ದರು. ನಾಯಿ ನೋಡಿತು. ದೊಡ್ಡಪ್ಪ ಕೂತರು. ಮೂವತ್ತೆಂಟು ವರ್ಷ ಸರ್ಕಾರಿ ಕಚೇರಿಯಲ್ಲಿ ಯಾರ ಕಣ್ಣಿಗೂ ಹೆದರದೆ ಮಧ್ಯಾಹ್ನ ಮೂರಕ್ಕೇ ಮನೆಗೆ ಬರುತ್ತಿದ್ದ ಮನುಷ್ಯ! ಮಂಗಳಾರತಿ ಆದಮೇಲೆ ಪುರೋಹಿತರು ಭಾವನನ್ನು ಪಕ್ಕಕ್ಕೆ ಕರೆದು, "ಐದನೇ ಅಧ್ಯಾಯದವರೆಗೂ ಪೂರ್ತಿ ಜನ ಕೂತಿದ್ದು ನನ್ನ ಸರ್ವಿಸ್‌ನಲ್ಲಿ ಇದೇ ಮೊದಲು, ಮುಂದಿನ ಹುಣ್ಣಿಮೆಗೆ ಯಲಹಂಕದಲ್ಲಿ ಒಂದು ಮನೆ ಇದೆ, ಇವನನ್ನು ಕಳಿಸ್ತೀರಾ?" ಅಂತ ಕೇಳಿದರು. ಆಸ್ಕರ್‌ಗೆ ಬಂದ ಮೊದಲ ಜಾಬ್ ಆಫರ್ ಅದು. ಭಾವ ಒಪ್ಪಲಿಲ್ಲ. ಪೆಟ್ ಅಂತೆ.

ಇದು ಭಾವ ಒಬ್ಬರ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಆ ಅಪಾರ್ಟ್‌ಮೆಂಟಿನಲ್ಲಿ ಸಂಜೆ ಐದೂವರೆಗೆ ಕೆಳಗೆ ಇಳಿದು ನೋಡಿ. ಒಂದೊಂದು ನಾಯಿಯೂ ಒಂದೊಂದು ಕಸುಬಿನ ಎಕ್ಸ್‌ಪರ್ಟು, ಎಲ್ಲವೂ ಕೆಲಸವಿಲ್ಲದೆ ಬೆಂಚ್ ಮೇಲೆ.

ಬಿ ಬ್ಲಾಕಿನಲ್ಲಿ ಸೈಬೀರಿಯನ್ ಹಸ್ಕಿ ಇದೆ. 1925ರ ಚಳಿಗಾಲದಲ್ಲಿ ಅಲಾಸ್ಕದ ನೋಮ್ ಊರಿನಲ್ಲಿ ಡಿಫ್ತೀರಿಯಾ ಬಂದಾಗ, ಸುಮಾರು ಸಾವಿರ ಕಿಲೋಮೀಟರ್ ಹಿಮದಲ್ಲಿ ಔಷಧಿ ಎಳೆದು ತಂದದ್ದು ಇಂಥ ನಾಯಿಗಳು, ಇಪ್ಪತ್ತು ತಂಡ, ಐದೂವರೆ ದಿನ. ಅದರ ವಂಶದ ಕುಡಿ ಈಗ ಏಳನೇ ಮಹಡಿಯಲ್ಲಿ ಎಸಿ ಹದಿನೆಂಟಕ್ಕೆ ಇಟ್ಟುಕೊಂಡು ಮಲಗಿದೆ. 2024ರ ಬೇಸಿಗೆ ನೆನಪಿದೆಯಾ? ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಹಸ್ಕಿಯನ್ನು ತೊಳೆಯಬಾರದು ಅಂತ ಹೇಳಿರಲಿಲ್ಲ. ಟ್ಯಾಂಕರ್ ಬಂದ ದಿನ ಎಲ್ಲರ ಮನೆಯಲ್ಲೂ ಎರಡೆರಡು ಬಕೆಟ್ ಹಿಡಿದಿಟ್ಟರೆ, ಆ ಮನೆಯಲ್ಲಿ ಟಬ್ ತುಂಬಿತು. ಕರೆಂಟ್ ಹೋದಾಗ ಹಸ್ಕಿ ಊಳಿಡುತ್ತಿತ್ತು. ಜನರೇಟರ್ ಹಾಕೋಕೆ ಸೆಕ್ಯೂರಿಟಿಯವರಿಗೆ ಸೈರನ್ ಬೇಕಾಗಿರಲಿಲ್ಲ.

ಸಿ ಬ್ಲಾಕಿನಲ್ಲಿ ಬೆಲ್ಜಿಯನ್ ಮಾಲಿನ್ವಾ. 2011ರಲ್ಲಿ ಅಬೋಟಾಬಾದಿಗೆ ಬಿನ್ ಲಾಡೆನ್‌ನನ್ನು ಹುಡುಕಿಕೊಂಡು ಹೋದ ಅಮೆರಿಕದ ಕಮಾಂಡೋಗಳ ಜೊತೆ ಕೈರೋ ಅನ್ನೋ ನಾಯಿ ಇತ್ತಲ್ಲ, ಅದೇ ತಳಿ. ಇಲ್ಲಿ ಅದಕ್ಕೆ ದಿನಾ ಸಿಗುವ ಆತಂಕವಾದಿ ಅಂದರೆ ಹಾಲಿನ ಹುಡುಗ. ಆ ಮನೆಯ ಯಜಮಾನರು ತುಂಬ ಹೆಮ್ಮೆಯಿಂದ, "ನಮ್ಮ ಮನೆಗೆ ಯಾರೂ ನುಗ್ಗೋಕೆ ಆಗಲ್ಲ" ಅನ್ನುತ್ತಾರೆ. ನಿಜ. ಅವರ ಅಳಿಯನೂ ಎರಡು ದೀಪಾವಳಿಯಿಂದ ನುಗ್ಗಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ದೃಶ್ಯ ಬೆಳಿಗ್ಗೆ ಆರೂವರೆಯದು. ಈ ನಾಯಿಗಳನ್ನು ಓಡಿಸೋಕೆ ಒಬ್ಬ ಹುಡುಗ ಬರುತ್ತಾನೆ, ತಿಂಗಳ ಸಂಬಳಕ್ಕೆ. ಮೂರೂ ಹಗ್ಗ ಕೈಗೆ ಸುತ್ತಿಕೊಂಡು ಕಾಂಪೌಂಡಿನ ಸುತ್ತ ಓಡುತ್ತಾನೆ. ಮೇಲೆ, ಗಾಜಿನ ಗೋಡೆಯ ಜಿಮ್ಮಿನಲ್ಲಿ, ಅದೇ ನಾಯಿಗಳ ಮೂವರು ಯಜಮಾನರು ಟ್ರೆಡ್‌ಮಿಲ್ ಮೇಲೆ ಓಡುತ್ತಾ, ಕೆಳಗೆ ಓಡುತ್ತಿರುವ ತಮ್ಮ ನಾಯಿಗಳನ್ನು ನೋಡುತ್ತಾರೆ. ಇಬ್ಬರ ಓಟಕ್ಕೂ ಇವರೇ ದುಡ್ಡು ಕೊಡುತ್ತಾರೆ. ಈಗ ನಾಯಿಗಳಿಗೂ ಟ್ರೆಡ್‌ಮಿಲ್ ಬಂದಿದೆಯಂತೆ, ಭಾವ ನೋಡಿಟ್ಟಿದ್ದಾರೆ. ತಂದರೆ ಆ ಹುಡುಗನ ಕೆಲಸವೂ ಹೋಗುತ್ತದೆ, ಅಪಾರ್ಟ್‌ಮೆಂಟಿನಲ್ಲಿ ನಿರುದ್ಯೋಗಿಗಳ ಸಂಖ್ಯೆ ನಾಲ್ಕಾಗುತ್ತದೆ.

ಊರಿನದೇ ತಳಿ ತರಬಹುದಿತ್ತಲ್ಲ ಭಾವ, ಮುಧೋಳ ನಾಯಿ, ಅಂದೆ. ಬಾಗಲಕೋಟೆ ಜಿಲ್ಲೆ, ರನ್ನ ಹುಟ್ಟಿದ ಊರು. 2005ರಲ್ಲಿ ಅಂಚೆ ಚೀಟಿ ಮೇಲೂ ಬಂದಿದೆ, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೆಂದೇ ಒಂದು ಸಂಶೋಧನಾ ಕೇಂದ್ರವಿದೆ. "ಅದು ಲೋಕಲ್ ಅಲ್ವೇನೋ" ಅಂದರು. 2020ರ ಆಗಸ್ಟಿನಲ್ಲಿ ಪ್ರಧಾನಿ ರೇಡಿಯೋದಲ್ಲಿ ಅದರ ಹೆಸರು ಹೇಳಿದ್ದಾರೆ ಅಂದೆ. "ಹೌದಾ? ಹಾಗಿದ್ರೆ ಎರಡನೇದು ಅದನ್ನೇ ತರೋಣ" ಅಂದುಬಿಟ್ಟರು. ಬಾಯಿ ಮುಚ್ಚಿಕೊಂಡೆ. ಮೊಲ ಅಟ್ಟಿಕೊಂಡು ಬಯಲಲ್ಲಿ ಬಾಣದ ಹಾಗೆ ಓಡುವ ಅದನ್ನೂ ವಾಷಿಂಗ್ ಮಷೀನ್ ಪಕ್ಕ ಕಟ್ಟಿಹಾಕಿದರೆ ಆ ಪಾಪ ನನಗೇ ಬರುತ್ತದೆ.

ನಾಯಿಯ ಕಷ್ಟ ಅರ್ಥ ಮಾಡಿಕೊಂಡದ್ದು ಅಜ್ಜಿ ಒಬ್ಬರೇ. ಒಂದು ಸಂಜೆ ಮೊಮ್ಮಗ ಎಷ್ಟು ಕರೆದರೂ ಆಟದ ಜಾಗದಿಂದ ಬರಲಿಲ್ಲ. "ಭಾಸ್ಕರಾ, ಹೋಗಿ ಮಕ್ಕಳನ್ನ ಕರ್ಕೊಂಡು ಬಾ" ಅಂದರು. ಹತ್ತು ನಿಮಿಷದಲ್ಲಿ ಬಂತು. ಒಂಬತ್ತು ಮಕ್ಕಳನ್ನು ಕರೆದುಕೊಂಡು ಬಂತು, ಎಂಟು ಬೇರೆಯವರವು. ಮೆಟ್ಟಿಲ ಮೇಲಿಂದ ಹನ್ನೊಂದು ಮಹಡಿ, ಒಂದು ಮಗುವೂ ತಪ್ಪಿಸಿಕೊಂಡಿಲ್ಲ. ಅಜ್ಜಿ ಒಂಬತ್ತಕ್ಕೂ ಚಕ್ಕುಲಿ ಕೊಟ್ಟರು. ಆವತ್ತು ರಾತ್ರಿ ನಾಯಿ ಮೊದಲ ಸಲ ನೆಮ್ಮದಿಯಾಗಿ ಗೊರಕೆ ಹೊಡೆಯಿತು.

ಮಾರನೇ ಭಾನುವಾರ ತುರ್ತು ಸಭೆ. ಮಕ್ಕಳ ಅಪಹರಣ ಅಂತ ಒಬ್ಬರು, ಚಕ್ಕುಲಿಯಲ್ಲಿ ಗ್ಲುಟೆನ್ ಇತ್ತಾ ಅಂತ ಇನ್ನೊಬ್ಬರು. ಕೊನೆಗೆ ಬಂದು ನಿಂತದ್ದು ಲಿಫ್ಟಿನ ವಿಷಯಕ್ಕೆ. ಇಂಥ ಸಭೆಗಳೆಲ್ಲ ಕೊನೆಗೆ ಅಲ್ಲಿಗೇ ಬರುತ್ತವೆ. ಸರ್ವಿಸ್ ಲಿಫ್ಟಿನಲ್ಲೇ ಹೋಗಬೇಕಾದವರು ಅಂತ ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದಾರೆ: ಮನೆಕೆಲಸದವರು, ಡೆಲಿವರಿಯವರು, ಗ್ಯಾಸ್ ಸಿಲಿಂಡರ್, ನಾಯಿ. ಭಾವ ಪೂರ್ತಿ ತಯಾರಾಗಿ ಹೋಗಿದ್ದರು. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆ ತೆಗೆದು, ಬಹುಮತ ಇದ್ದರೂ ಸಂಘದವರು ಸಾಕುನಾಯಿಯನ್ನು ನಿಷೇಧಿಸುವ ಹಾಗಿಲ್ಲ, ಲಿಫ್ಟು ಬೇಡ ಅನ್ನುವ ಹಾಗಿಲ್ಲ ಅಂತ ಓದಿದರು. ಅದು ಸಾಲದು ಅಂತ, ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಇಪ್ಪತ್ತಮೂರು ತಳಿಗಳನ್ನು ಅಪಾಯಕಾರಿ ಅಂತ ನಿಷೇಧಿಸೋಕೆ ಹೊರಟದ್ದನ್ನು ಮುಂದಿನ ತಿಂಗಳೇ ನಮ್ಮ ಹೈಕೋರ್ಟ್ ರದ್ದು ಮಾಡಿದ್ದನ್ನೂ ಹೇಳಿದರು. ಆ ಪಟ್ಟಿಯಲ್ಲಿ ಬಾರ್ಡರ್ ಕೋಲಿ ಇರಲೇ ಇಲ್ಲ, ಆದರೂ ಹೈಕೋರ್ಟ್ ಅನ್ನೋ ಪದಕ್ಕೆ ಸಭೆ ತಣ್ಣಗಾಯಿತು. ಪಟ್ಟಿಯಿಂದ ನಾಯಿಯ ಹೆಸರು ತೆಗೆದರು. ಸಿಲಿಂಡರ್, ಡೆಲಿವರಿಯವರು, ಮನೆಕೆಲಸದವರು ಹಾಗೇ ಉಳಿದರು. ಅವರ ಪರವಾಗಿ ತೋರಿಸೋಕೆ ಯಾರ ಹತ್ತಿರವೂ ಸುತ್ತೋಲೆ ಇರಲಿಲ್ಲ. ಈಗ ಆಸ್ಕರ್ ಕನ್ನಡಿ ಇರುವ ಲಿಫ್ಟಿನಲ್ಲಿ ಇಳಿಯುತ್ತಾನೆ, ಅವನನ್ನು ಓಡಿಸುವ ಹುಡುಗ ಪಕ್ಕದ ಲಿಫ್ಟಿನಲ್ಲಿ ಇಳಿದು ಕೆಳಗೆ ಕಾಯುತ್ತಾನೆ.

ಕಳೆದ ತಿಂಗಳು ಭಾವನಿಗೆ ಒಂದು ಐಡಿಯಾ ಬಂತು. ನಾಯಿಗೆ ನಿಜವಾದ ಕುರಿ ತೋರಿಸಬೇಕು. ಎಲ್ಲರೂ ಕಾರು ಹತ್ತಿ ಹೆಸರಘಟ್ಟದ ಹುಲ್ಲುಗಾವಲಿನ ಕಡೆ ಹೋದೆವು. ಅಲ್ಲೊಂದು ಮಂದೆ ಸಿಕ್ಕಿತು, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಸಿರಾ ಕಡೆಯ ಹಿರಿಯರೊಬ್ಬರು ಮೇಯಿಸುತ್ತಿದ್ದರು. ಅವರ ಜೊತೆಯೂ ಒಂದು ನಾಯಿ ಇತ್ತು, ಕಂದು ಬಣ್ಣದ್ದು, ಒಂದು ಕಿವಿ ಹರಿದಿತ್ತು, ಮರದ ಕೆಳಗೆ ಮಲಗಿತ್ತು. ಅದರ ಕೆಲಸ ರಾತ್ರಿ ಪಾಳಿಯದು, ತೋಳ, ಕಳ್ಳರು ಬಂದರೆ ಏಳೋದು. ಕುರಿ ಹೊಡೆಯೋದು ಯಜಮಾನರ ಬಾಯಿಯ ಕೆಲಸ. ಅವರು "ಟ್ರ್ರ್ ಹೋಯ್" ಅಂದರೆ ಮಂದೆಗೆ ಮಂದೆಯೇ ತಿರುಗುತ್ತದೆ.

ಭಾವ ಹಗ್ಗ ಬಿಚ್ಚಿದರು. ಅಕ್ಕ ವಿಡಿಯೋ ಶುರು ಮಾಡಿದಳು. ಆಸ್ಕರ್ ಕುರಿಗಳನ್ನು ನೋಡಿತು. ನಡುಗಿತು. ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿ, ಕಣ್ಣು ಕೀಳದೆ, ಕಲ್ಲಿನ ಹಾಗೆ ನಿಂತುಬಿಟ್ಟಿತು. ಓಲ್ಡ್ ಹೆಂಪ್ ಇದ್ದಿದ್ದರೆ ಕಣ್ಣೀರು ಹಾಕುತ್ತಿತ್ತೇನೋ.

"ಯಾಕ್ ಸಾಮಿ, ಮೈಗೆ ಹುಷಾರಿಲ್ವಾ ಅದಕ್ಕೆ?" ಅಂದರು ಹಿರಿಯರು.

ಭಾವ ವಿವರಿಸಿದರು. ಇಂಗ್ಲೆಂಡು, ಸ್ಕಾಟ್ಲೆಂಡು, ಕಣ್ಣಿನಲ್ಲೇ ಕುರಿ ಹೊಡೆಯೋದು, ಪ್ರಪಂಚಕ್ಕೇ ನಂಬರ್ ಒನ್. ಅಷ್ಟರಲ್ಲಿ ಮಂದೆಯ ಒಂದು ಟಗರು ಇದೇನಿದು ನನ್ನನ್ನೇ ನೋಡುತ್ತಿದೆಯಲ್ಲ ಅಂತ ತಲೆ ತಗ್ಗಿಸಿಕೊಂಡು ಬಂತು. ಆಸ್ಕರ್ ಭಾವನ ಕಾಲಿನ ಹಿಂದೆ, ಭಾವ ಕಾರಿನ ಹಿಂದೆ. ಹಿರಿಯರು "ಹೇ" ಅಂದದ್ದಕ್ಕೆ ಟಗರು ವಾಪಸ್ ಹೋಯಿತು. ಕಂದು ನಾಯಿ ಒಂದು ಕಣ್ಣು ತೆರೆದು ಇದನ್ನೆಲ್ಲ ನೋಡಿ ಮತ್ತೆ ಮುಚ್ಚಿತು.

"ಎಷ್ಟು ಕೊಟ್ರಿ ಇದಕ್ಕೆ?" ಅಂತ ಕೇಳಿದರು. ಭಾವ ಹೇಳಿದರು. ನನಗೂ ಆವತ್ತೇ ಗೊತ್ತಾದದ್ದು.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಷ್ಟು ದುಡ್ಡಿಗೆ ನಾಲ್ಕು ಕುರಿ ಬರ್ತಿದ್ವಲ್ಲ ಸಾಮಿ. ಅವನ್ನೂ ತಂದಿದ್ರೆ ನಾಯಿಗೆ ಕಾಯೋಕೆ ಏನಾದ್ರೂ ಇರೋದು" ಅಂದರು.

ವಾಪಸ್ ಬರುವಾಗ ಭಾವ ಮಾತಾಡಲಿಲ್ಲ. ಯಲಹಂಕ ದಾಟಿದ ಮೇಲೆ, ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿ, ಕನ್ನಡಿಯಲ್ಲಿ ನನ್ನನ್ನು ನೋಡಿ ಮೆಲ್ಲಗೆ ಕೇಳಿದರು: "ಆ ಸುತ್ತೋಲೆಯಲ್ಲಿ ಬರೀ ನಾಯಿ ಅಂತಿದೆಯೋ, ಪ್ರಾಣಿ ಅಂತಿದೆಯೋ, ಸ್ವಲ್ಪ ನೋಡು."