ಕಟಕಟವೋ, ಟಕಟಕವೋ?

ಮಾರುವ ಸುದ್ದಿ ಕಾರಿನ ಕಿವಿಗೆ ಹೇಗೆ ಬೀಳುತ್ತದೋ ಆ ಮಾರಿಕಾಂಬೆಯೇ ಬಲ್ಲಳು. ಎಂಟು ಮಳೆಗಾಲ ತೆಪ್ಪಗೆ ಓಡಿದ ಗಾಡಿ, ಭಾನುವಾರ ಗಿರಾಕಿ ಬರುತ್ತಾನೆಂದರೆ ಗುರುವಾರವೇ ಮುಂದಿನ ಎಡಗಾಲಲ್ಲಿ ಗೊಣಗಲು ಹಿಡಿಯುತ್ತದೆ. ಗ್ಯಾರೇಜಿನಲ್ಲಿ ಒಂದೇ ಮಂತ್ರ: “ಬಿಚ್ಚಿ ನೋಡ್ದೆ ಹೇಳೂಕೆ ಆಗುದಿಲ್ಲ ಹೆಗಡೇರೆ.” ಬಿಚ್ಚಲು ಮಜೂರಿ, ಕೂಡಿಸಲು ಮಜೂರಿ, ನೋಡುವುದಷ್ಟೇ ಪುಕ್ಕಟೆ.

ಬಿಚ್ಚುವ ಮೊದಲು ಬಾಯಿಪರೀಕ್ಷೆ ಇದೆ. “ಸೌಂಡ್ ಹ್ಯಾಂಗೆ ಬತ್ತದೆ?” ತಲೆ ನರೆತ ಮಾಸ್ತರರು ನಾಲ್ಕು ಜನರೆದುರು “ಕಟ್ ಕಟ್ ಕಟ್” ಎನ್ನಬೇಕು. “ಹಾಂಗಲ್ಲ, ದಡ್ ದಡ್” ಎಂದು ಒಳಗಿನಿಂದ ಹೆಂಡತಿಯ ತಿದ್ದುಪಡಿ. ಮೆಕ್ಯಾನಿಕ್ ತಾಳಮದ್ದಲೆ ಕೇಳುವವನಂತೆ ಕಣ್ಣು ಮುಚ್ಚಿ, “ಕಟಕಟವೋ, ಟಕಟಕವೋ, ಸಮಾ ಹೇಳಿ” ಎನ್ನುತ್ತಾನೆ. ನಗುವ ಮಾತಲ್ಲ, ಒಂದು ಅಕ್ಷರ ಆಚೀಚೆಯಾದರೆ ಬಿಲ್ಲಿಗೆ ಸೊನ್ನೆ ಸೇರುತ್ತದೆ. ನಿಧಾನ ಹೋಗುವಾಗ ಸಣ್ಣ ಹೊಂಡಗಳಲ್ಲಿ ಕಟಕಟ ಎಂದರೆ ಹೆಚ್ಚಾಗಿ ಲಿಂಕ್ ರಾಡ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳಿನ ಕೊಂಡಿ), ಬಡವರ ಕಾಯಿಲೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ಟಕಟಕ ಎಂದರೆ ಗಾಲಿ ತಿರುಗಿಸುವ ಡ್ರೈವ್ ಶಾಫ್ಟಿನ ಜಾಯಿಂಟು: ರಬ್ಬರ್ ಬೂಟು ಹರಿದು, ಗ್ರೀಸು ಹೊರಗೆ, ಕೆಸರು ಒಳಗೆ. ಸ್ಪೀಡು ಏರಿದಂತೆ ಗೊಂಯ್ ಏರಿದರೆ ವೀಲ್ ಬೇರಿಂಗ್. ದಡ್ ದಡ್ ಎಂದರೆ ಶಾಕಿನ ಮೇಲ್ತುದಿಯ ಸ್ಟ್ರಟ್ ಮೌಂಟಿನಿಂದ ಗಾಲಿ ಹಿಡಿದ ಲೋವರ್ ಆರ್ಮಿನ ರಬ್ಬರ್ ಬುಶ್‌ವರೆಗೆ ಯಾವುದೂ ಆಗಬಹುದು, ಅಲ್ಲಿಗೆ ಹೆಂಡತಿಯ ತಿದ್ದುಪಡಿ ದುಬಾರಿ.

ಇಷ್ಟಾಗಿ ಅವನು ಪಕ್ಕದಲ್ಲಿ ಕೂತು ಶಿರಸಿಯ ಐದು ರಸ್ತೆ ಸುತ್ತಿಸಿದರೆ ಗಾಡಿ ಮೌನವ್ರತ. ಅವನನ್ನು ಇಳಿಸಿ ಮನೆಯ ದಣಪೆ ದಾಟಿದರೆ ಮತ್ತೆ ಕಟಕಟ.

ಮೊದಲು ಡಿಕ್ಕಿ ಖಾಲಿ ಮಾಡಿ. ಸಡಿಲಾದ ಜಾಕು, ಪಾನಾ, ಉರುಳುವ ತೆಂಗಿನಕಾಯಿಗೂ ಇದೇ ರಾಗ ಬರುತ್ತದೆ. ಆಮೇಲೂ ಸದ್ದಿದ್ದರೆ ಎರಡೂ ಲಿಂಕ್ ರಾಡ್ ಕಳಚಿಸಿ ಗ್ಯಾರೇಜಿನ ಸುತ್ತ ನಿಧಾನ ಒಂದು ಸುತ್ತು ಹೊಡೆಸಿ. ಸದ್ದು ಹೋದರೆ ಕಳ್ಳ ಸಿಕ್ಕ. ಎಡದ್ದು ಸವೆದಿದ್ದರೆ ಬಲದ್ದನ್ನೂ ಜೊತೆಗೇ ಹಾಕಿಸಬೇಕು. ‘ಮಾರೂ ಗಾಡಿಗೆ ಯಂತಕ್ಕೆ’ ಎಂದು ಒಂದೇ ಹಾಕಿಸುವವರೇ ಹೆಚ್ಚು.

ಕ್ಲಚ್ಚಿನ ಮಾತೆತ್ತಿದರೆ ಜಾಗ್ರತೆ. ದೇವಿಮನೆ ಘಟ್ಟದಲ್ಲಿ ಲಾರಿಯ ಬೆನ್ನಿಗೆ ಅರ್ಧ ಕ್ಲಚ್ಚಿನಲ್ಲೇ ತೆವಳಿದ ಪಾಪ ಅದು. ಸಪಾಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕನ್ನೂ ಒತ್ತಿ, ಮೂರನೇ ಗೇರಿನಲ್ಲಿ ಕ್ಲಚ್ ಬಿಡಿ. ಎಂಜಿನ್ ತಟ್ಟನೆ ಬಂದಾದರೆ ಪ್ಲೇಟಿಗೆ ಇನ್ನೂ ಹಿಡಿತವಿದೆ. ಬಂದಾಗದೆ ಒದ್ದಾಡಿದರೆ ಜಾರುತ್ತಿದೆ. ಗೇರ್‌ಬಾಕ್ಸ್ ಇಳಿಸದೆ ಪ್ಲೇಟು ಸಿಗುವುದಿಲ್ಲ. ಇಳಿಸಿದ ಮೇಲೆ ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗನ್ನೂ ಬಿಡುವ ಹಾಗಿಲ್ಲ. ಆ ಹಣ ಮಾರುವಾಗ ಹುಟ್ಟುವುದಿಲ್ಲ. ಇದ್ದದ್ದು ಹೇಳಿ ಬೆಲೆ ಇಳಿಸುವುದೇ ಅಗ್ಗ.

ಕಾರವಾರ, ಅಂಕೋಲೆಯ ಗಾಡಿಯಾದರೆ ಉಪ್ಪುಗಾಳಿಯ ತುಕ್ಕು ಬೇರೆ. ಬಾಗಿಲಿನ ಅಡಿಯಲ್ಲಿ ನೀರಿಳಿಯುವ ಸಣ್ಣ ತೂತುಗಳು ಕಸ ಕಟ್ಟಿ, ನೀರು ಒಳಗೇ ನಿಂತು, ಒಳಗಿನಿಂದಲೇ ತಿನ್ನುತ್ತದೆ. ಹಿಡಿಕಡ್ಡಿಯಿಂದ ಚುಚ್ಚಿ ಬಿಡಿಸಲು ಐದು ನಿಮಿಷ, ಎಂಟು ವರ್ಷದಲ್ಲಿ ಆ ಐದು ನಿಮಿಷ ಸಿಕ್ಕಿರುವುದಿಲ್ಲ. ಈಗ ತುಕ್ಕಿನ ಮೇಲೆ ಕಪ್ಪು ಬಳಿಸಬೇಡಿ. ಒಳಗೆ ಕೊಳೆಯುವುದು ನಿಲ್ಲುವುದಿಲ್ಲ, ಮೇಲೆ ಹೊಸ ಕಪ್ಪು ಕಂಡರೆ ಗಿರಾಕಿಗೆ ಅನುಮಾನ.

ಶನಿವಾರ ಒಳಗೆಲ್ಲ ಗುಡಿಸಬೇಕು. ಸೀಟಿನ ಸಂದಿಯಲ್ಲಿ ಅಡಿಕೆ ಹೋಳು, ಈಗ ಕಾಲೇಜಿಗೆ ಹೋಗುವ ಮಗಳ ನಾಲ್ಕನೇ ಕ್ಲಾಸಿನ ಕ್ಲಿಪ್ಪು. ಡ್ಯಾಶ್‌ಬೋರ್ಡಿನ ಇಡಗುಂಜಿ ಗಣಪತಿಯನ್ನು ಕಿತ್ತರೆ ಅಂಟಿನ ಕಲೆ ಉಳಿಯುತ್ತದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೂ ಪೀಠದ ಗುರುತು ಪೂರ್ತಿ ಹೋಗುವುದಿಲ್ಲ.

ಭಾನುವಾರ ಗಿರಾಕಿಯ ಜೊತೆ ಒಬ್ಬ ‘ಗಾಡಿ ಗೊತ್ತಿದ್ದವ’ ಬಂದೇ ಬರುತ್ತಾನೆ. ಹೊಸ ಲಿಂಕ್ ರಾಡು ಅವನ ಕಣ್ಣಿಗೆ ಬೀಳದು. ಬಗ್ಗಿ ಟೈರಿನ ಬದಿಯ ನಾಲ್ಕಂಕಿ ಓದುತ್ತಾನೆ: 2319, ಅಂದರೆ 2019ರ 23ನೇ ವಾರ. ಟೈರು ಮುದಿಯಾಯಿತೆಂದು ಹತ್ತು ಸಾವಿರ ಇಳಿಸುತ್ತಾನೆ. ಗಾಡಿ ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ ಹಾಕಲು ಪೆನ್ನು ತೆಗೆಯುವಷ್ಟರಲ್ಲಿ ಕೊನೆಯದೊಂದು ಸುತ್ತು ಓಡಿಸಿ ಬಂದು, ತಲೆ ವಾಲಿಸಿ ಕೇಳುತ್ತಾನೆ:

“ಬಲಬದಿಗೆ ಯಂತದೋ ಕಟ್ ಕಟ್ ಅಂತದ್ಯಲ್ರಾ?”